ಬಿತ್ತುವ ಕಾಳು, ಉಣ್ಣುವ ಕಾಳು

ಬಳ್ಳಾರಿಯಿಂದ ರಾಯದುರ್ಗದ ಕಡೆಗೆ ಹೊರಟವರಿಗೆ ಗಡಿಯಾಚೆ ದೊರೆಯುವ ಡಿ. ಹಿರೇಹಾಳು ಆಂಧ್ರಕ್ಕೆ ಸೇರಿದ ಕನ್ನಡದ ನೆಲ. ಮಳೆ ಕಡಮೆ, ಶೇಂಗಾ ಮುಖ್ಯ ಬೆಳೆ. ಕೂರಿಗೆಯ ಹಿಂದೆ ಸಡ್ಡೆ ಹಿಡಿದು ನಡೆಯುವ ಹೆಂಗಸು ಒಂದು ಕಾಳನ್ನು ನೆಲಕ್ಕೆ ಬಿಟ್ಟು ಇನ್ನೊಂದನ್ನು ಬಾಯಿಗೆ ಹಾಕಿಕೊಂಡರೆ ಹಿಂದೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಬಿತ್ತಿ ಉಳಿದುದು ಮಕ್ಕಳ ಪಾಲಾಗುತ್ತಿತ್ತು. ಥೈರಾಮ್, ಮ್ಯಾಂಕೋಜೆಬ್, ಇಮಿಡಾಕ್ಲೋಪ್ರಿಡ್ ಮೊದಲಾದುವನ್ನು ಲೇಪಿಸಿದ ಕಾಳಿಗೆ ಈ ಮಾತು ಸಲ್ಲದು. ಅದು ಬೀಜವೇ ಹೊರತು ಅನ್ನವಲ್ಲ.

ಇದನ್ನು ಕೇವಲ ವ್ಯಾಪಾರಿಗಳ ಹೂಟವೆಂದು ನಾವು ಬಗೆಯುವುದಿಲ್ಲ. 2000ದ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ಸುಮಾರು 2,25,000 ಹೆಕ್ಟೇರ್ ಶೇಂಗಾ, ಕಾಂಡವನ್ನು ಕರಿಕಾಗಿಸುವ ನಂಜುರೋಗಕ್ಕೆ ತುತ್ತಾಯಿತು. ಪಾರ್ಥೇನಿಯಂ ಕಳೆಯ ಪರಾಗದೊಡನೆ ಬಂದ ವೈರಸ್ಸನ್ನು ಥ್ರಿಪ್ಸ್ ಎಂಬ ಕಿರುಹುಳು ಗಿಡಕ್ಕೆ ಹತ್ತಿಸಿತು. ಆ ಹುಳುವನ್ನು ತಡೆಯಲು ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಹಚ್ಚಿರೆಂದು ತಜ್ಞರು ಹೇಳಿದರು. ಬೆಳೆ ಕಳೆದುಕೊಂಡವನಿಗೆ ಔಷಧ ಬೇಡವೆನ್ನಲು ನಾವು ಯಾರು?

ನಮ್ಮ ಪ್ರಶ್ನೆ ಬೇರೆ. ಬೀಜಕ್ಕೆ ವಿಷ ಬೆರೆಸಿದವನು ಎಚ್ಚರಿಕೆಯ ನಾಲ್ಕು ಮಾತು ಅಚ್ಚುಹಾಕಿದೊಡನೆ ಅವನ ಹೊಣೆ ತೀರಿತೆ?

1971ರಲ್ಲಿ ಇರಾಕು ಹೊರನಾಡಿನಿಂದ ಪಾದರಸದ ಔಷಧ ಲೇಪಿಸಿದ ಗೋದಿಯ ಬೀಜವನ್ನು ತರಿಸಿತು. ಕಾಳಿಗೆ ಕೆಂಪು ಬಣ್ಣವಿತ್ತು, ಚೀಲದ ಮೇಲೆ ಎಚ್ಚರಿಕೆಯೂ ಇತ್ತು, ಆದರೆ ಅಲ್ಲಿಯ ರೈತರಿಗೆ ತಿಳಿಯದ ಭಾಷೆಯಲ್ಲಿ. ಅನೇಕ ಊರುಗಳಿಗೆ ಬೀಜ ತಲಪುವ ಹೊತ್ತಿಗೆ ಬಿತ್ತನೆ ಮುಗಿದಿತ್ತು. ಮನೆಯಲ್ಲಿ ಗೋದಿ, ಹೊಟ್ಟೆಯಲ್ಲಿ ಹಸಿವು. ತೊಳೆದರು, ಬಣ್ಣ ಹೋಯಿತು, ಪಾದರಸ ಉಳಿಯಿತು. ಕೆಲವರು ಮೊದಲು ಕೋಳಿಗಳಿಗೆ ಹಾಕಿ ನೋಡಿದರಂತೆ. ಕೋಳಿ ಸಾಯಲಿಲ್ಲ, ರೊಟ್ಟಿ ಸುಟ್ಟರು. ಆ ವಿಷ ವಾರಗಟ್ಟಲೆ ಕಾದು ತನ್ನ ಗುಣ ತೋರುವಂಥದು. ಆಸ್ಪತ್ರೆ ಸೇರಿದವರು 6,530, ಅಲ್ಲಿ ಸತ್ತವರು 459. ಅವರನ್ನು ಅವಿವೇಕಿಗಳೆನ್ನುವ ಮನಸ್ಸು ನಮಗಿಲ್ಲ. ಕೋಳಿಗೆ ಹಾಕಿ ನೋಡುವುದೂ ಒಂದು ವಿವೇಕವೇ.

ಶೇಂಗಾಕ್ಕೆ ಹಚ್ಚುವ ಇಂದಿನ ಔಷಧಗಳು ಪಾದರಸದಷ್ಟು ಘೋರವಲ್ಲ, ನಿಜ. ಆದರೂ ಬರಿಗೈಯಲ್ಲಿ ಕಲಸುವವಳಿಗೆ ಅವು ನಿರಪಾಯವೂ ಅಲ್ಲ. ಮೃಗಶಿರೆ ಕೈಕೊಟ್ಟ ವರ್ಷ ಬಣ್ಣದ ಕಾಳಿನ ಚೀಲ ಮನೆಯ ಮೂಲೆಯಲ್ಲಿ, ಉಣ್ಣುವ ಜೋಳದ ಪಕ್ಕದಲ್ಲೇ ಕುಳಿತಿರುತ್ತದೆ. ಅದನ್ನು ತಿನ್ನಬಾರದು, ಗಾಣಕ್ಕೆ ಹಾಕಬಾರದು, ದನಕ್ಕೂ ಇಡಬಾರದು. ಹೂತುಬಿಡಿರೆನ್ನುವುದು ಸುಲಭ, ಹೂಳುವುದು ಅವನ ಹಣ. ಬೀಜದ ಅನ್ನತನವನ್ನು ಕಳೆದವರು ಉಳಿದ ಬೀಜವನ್ನು ಬೆಲೆ ಕೊಟ್ಟು ಹಿಂದಕ್ಕೆ ಪಡೆಯುವುದು ನ್ಯಾಯವೆಂದು ನಮ್ಮ ಎಣಿಕೆ. ಅಲ್ಲಿಯವರೆಗೆ ರೈತನು ಮಳೆ ಬಿದ್ದು ನೆಲ ಹದವಾದ ಮೇಲೆ, ಆ ದಿನದ ಬಿತ್ತನೆಗೆ ಬೇಕಾದಷ್ಟನ್ನೇ ಕಲಸಿಕೊಳ್ಳಬಹುದು. ಮಿಕ್ಕ ಕಾಳು ಕಾಳಾಗಿಯೇ ಉಳಿಯುತ್ತದೆ.