ದೂರದಲ್ಲಿರುವವರ ಮೇಲೆ ಗಾಳಿ ಬೀಸುವಾಗ

ಯೋಬನ ಪುಸ್ತಕ, 1ನೇ ಅಧ್ಯಾಯ, 5 ಮತ್ತು 19ನೇ ವಚನಗಳು



ಯೋಬನು ಬೆಳಿಗ್ಗೆ ಎದ್ದು ತನ್ನ ಹತ್ತು ಮಂದಿ ಮಕ್ಕಳಿಗೋಸ್ಕರ, ಒಬ್ಬೊಬ್ಬರ ಹೆಸರಿನಲ್ಲಿ, ಯಜ್ಞವನ್ನರ್ಪಿಸುವ ತಂದೆಯಾಗಿದ್ದನೆಂದು 5ನೇ ವಚನದಿಂದ ತಿಳಿಯುತ್ತೇವೆ. ಅದು ಅವನ ವಾಡಿಕೆಯಾಗಿತ್ತು. 19ನೇ ವಚನಕ್ಕೆ ಬರುವಾಗ, ಮರುಭೂಮಿಯ ಆಚೆಯಿಂದೆದ್ದ ಬಿರುಗಾಳಿಯಿಂದ ಆ ಮಕ್ಕಳು ಕೂಡಿದ್ದ ಮನೆಯು ಕುಸಿದು ಅವರೆಲ್ಲರೂ ಸತ್ತಿದ್ದಾರೆ. ತಂದೆಯು ಅಲ್ಲಿರಲಿಲ್ಲ, ಓಡಿಬಂದ ಒಬ್ಬ ಆಳಿನ ಬಾಯಿಂದ ಸುದ್ದಿಯನ್ನು ಕೇಳಿದನು. ಮಕ್ಕಳಿಗಾಗಿ ಪ್ರಾರ್ಥಿಸುವ ನಾವು ಈ ಎರಡು ವಚನಗಳ ನಡುವೆ ಸ್ವಲ್ಪ ನಿಂತುಕೊಳ್ಳಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಗಳಲ್ಲಿ ವಾಸಿಸುವ ನಮಗೆ ಸಮುದ್ರದ ಗಾಳಿಯು ನೇರವಾಗಿ ತಾಕುವದು ಕಡಿಮೆ. ನಮ್ಮ ಭಯವು ನೇತ್ರಾವತಿಯ ನೆರೆಯದು, ಘಟ್ಟದ ಗುಡ್ಡ ಜರಿಯುವದರದು. ಆದರೆ ಮಸ್ಕತ್ತಿಗೋ, ದುಬಾಯಿಗೋ, ಮುಂಬಯಿಗೋ, ಹಡಗಿನ ಕೆಲಸಕ್ಕೋ ಮಗನನ್ನಾಗಲಿ ಅಳಿಯನನ್ನಾಗಲಿ ಕಳುಹಿಸಿರುವ ಮನೆಗಳು ನಮ್ಮಲ್ಲಿ ಬಹಳ ಉಂಟು. ಆದದರಿಂದ ಅರಬಿ ಸಮುದ್ರದಲ್ಲಿ ಚಂಡಮಾರುತವೆದ್ದರೆ, ಇಲ್ಲಿ ಅಡಿಕೆ ತೋಟದ ಒಂದು ಸೋಗೆಯೂ ಅಲುಗದಿದ್ದರೂ, ಒಲೆ ಹೊತ್ತಿಸುವದಕ್ಕೆ ಮನಸ್ಸಿಲ್ಲದೆ ಕುಳಿತಿರುವ ತಾಯಂದಿರಿದ್ದಾರೆ.

2007ನೇ ಇಸವಿ ಜೂನ್ ತಿಂಗಳಲ್ಲಿ ಗೋನು ಎಂಬ ಚಂಡಮಾರುತವು ಒಮಾನ್ ದೇಶವನ್ನು ಹೊಡೆಯಿತು. ವರುಷವಿಡೀ ಒಣಗಿರುವ ಮಸ್ಕತ್ತಿನ ಹಳ್ಳಗಳು ನದಿಗಳಾಗಿ ಹರಿದವು. ಆ ದೇಶದಲ್ಲಿ ಸುಮಾರು 50 ಮಂದಿ ಸತ್ತರು. ಕರೆಂಟು, ಕುಡಿಯುವ ನೀರು, ಫೋನು ಇವೆಲ್ಲವೂ ಕೆಟ್ಟುಹೋದವು. ಇಂಥ ಸಮಯದಲ್ಲಿ ಮನೆಯವರನ್ನು ಹಿಂಸಿಸುವದು ಫೋನಿನ ಮೌನವೇ. ಆ ಮೌನವನ್ನು ಮರಣವೆಂದು ಓದಿಕೊಳ್ಳಬೇಡಿರಿ. ಗಾಳಿಯು ಮೊದಲು ಕೆಡಹುವದು ಕಂಬಗಳನ್ನೂ ತಂತಿಗಳನ್ನೂ. ಕರೆಂಟು ಹೋದ ಮೇಲೆ ಮೊಬೈಲ್ ಟವರು ಕೆಲವು ತಾಸು ಬ್ಯಾಟರಿಯ ಬಲದಿಂದ ನಡೆದು, ತರುವಾಯ ಸುಮ್ಮನಾಗುವದು. ಪದೇ ಪದೇ ಕರೆ ಮಾಡಿದರೆ ಅವನ ಮೊಬೈಲಿನಲ್ಲಿ ಉಳಿದ ಚಾರ್ಜು ತೀರುವದೇ ಹೊರತು ಬೇರೆ ಲಾಭವಿಲ್ಲ. ಒಂದು ಸಣ್ಣ ಸಂದೇಶವನ್ನು ಬರೆದು ಬಿಡಿರಿ. ದಾರಿ ತೆರೆದಾಗ ಅದು ಮುಟ್ಟುವದು. ಚಂಡಮಾರುತದ ಕಾಲದಲ್ಲಿ ನಮ್ಮ ದೇಶದ ಹವಾಮಾನ ಇಲಾಖೆಯವರು ಮೂರು ತಾಸಿಗೊಂದು ಪ್ರಕಟನೆಯನ್ನು ಹೊರಡಿಸುತ್ತಾರೆ. ಅದನ್ನು ಓದಿರಿ. ಯಾರೋ ವಾಟ್ಸಾಪಿನಲ್ಲಿ ತಳ್ಳಿದ ಚಿತ್ರಗಳನ್ನು ಇನ್ನೊಬ್ಬ ತಾಯಿಗೆ ತಳ್ಳಬೇಡಿರಿ.

ಈ ಕಳವಳವು ಆಚೆಯವರಿಗೂ ಉಂಟು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು, ಬಂಟ್ವಾಳದ ಪೇಟೆಗೆ ನೇತ್ರಾವತಿಯು ನುಗ್ಗಿದಾಗ, ಪರದೇಶದಲ್ಲಿದ್ದ ಮಕ್ಕಳು ನಮಗಾಗಿ ನಿದ್ರೆಗೆಟ್ಟು ಕುಳಿತಿದ್ದರು.

2021ನೇ ಮೇ ತಿಂಗಳ ಚಂಡಮಾರುತಕ್ಕೆ ತೌಕ್ತೆ ಎಂದು ಹೆಸರು. ಅದು ಬರ್ಮಾ ದೇಶದವರು ಕೊಟ್ಟ ಹೆಸರಾಗಿದ್ದು, ದೊಡ್ಡ ಜಾತಿಯ ಹಲ್ಲಿಯೆಂದು ಅದರ ಅರ್ಥ. ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವ ಹಳೆಯ ಅಭ್ಯಾಸವು ನಮ್ಮಲ್ಲಿ ಕೆಲವರನ್ನು ಇನ್ನೂ ಪೂರ್ಣವಾಗಿ ಬಿಟ್ಟಿಲ್ಲವೆಂಬದು ನನಗೆ ಗೊತ್ತು. ಮಗನ ಸುದ್ದಿ ಬಾರದ ರಾತ್ರಿಯಲ್ಲಿ ಗೋಡೆಯ ಹಲ್ಲಿಯನ್ನು ಕೇಳಬೇಡಿರಿ. ಅದಕ್ಕೆ ಏನೂ ತಿಳಿಯದು.

ಆ ತೌಕ್ತೆಯ ಗಾಳಿಯಲ್ಲಿ ನಮ್ಮ ಕಾಪುವಿನ ಬಳಿ ಬಂಡೆಗಳ ನಡುವೆ ಸಿಕ್ಕಿಕೊಂಡ ಟಗ್ಗಿನಿಂದ 9 ಮಂದಿಯೂ ಮೇ 17ರಂದು ಜೀವದಿಂದ ದಡ ಸೇರಿದರು. ಅದೇ ಗಾಳಿಯಲ್ಲಿ ಅದೇ ಕರಾವಳಿಯಲ್ಲಿ ಮಗುಚಿದ ಇನ್ನೊಂದು ಟಗ್ಗಿನವರಲ್ಲಿ ಎಲ್ಲರೂ ಬದುಕಲಿಲ್ಲ. ಮುಂಬಯಿಯ ಆಚೆ ಎಣ್ಣೆಬಾವಿಗಳ ಬಳಿ ಕೆಲಸಗಾರರು ಇಳುಕೊಂಡಿದ್ದ ಪಿ-305 ಎಂಬ ಬಾರ್ಜು ಮೇ 17ರಂದು ಮುಳುಗಿತು. ಅದರಲ್ಲಿದ್ದ 261 ಜನರೊಳಗೆ 186 ಮಂದಿಯನ್ನು ನೌಕಾಪಡೆಯವರು ಮೊದಲಾದವರು ರಕ್ಷಿಸಿದರು. ಉಳಿದವರು ಮನೆಗೆ ಬರಲಿಲ್ಲ.

ಪ್ರಿಯರೇ, ಬದುಕಿದವರ ಮನೆಯಲ್ಲಿ ಪ್ರಾರ್ಥನೆಯಾಗಿತ್ತು, ಸತ್ತವರ ಮನೆಯಲ್ಲಿ ಆಗಿರಲಿಲ್ಲವೆಂದು ಹೇಳಲು ಯಾರಿಗೆ ಧೈರ್ಯವುಂಟು? ಆದರೂ ಅಪಾಯ ಕಳೆದ ಮೇಲೆ ಸಾಕ್ಷಿ ಹೇಳಲು ಎದ್ದು, ನಮ್ಮ ಬಲವಾದ ಪ್ರಾರ್ಥನೆಯಿಂದ ನಮ್ಮ ಹುಡುಗ ಉಳಿದನು ಎಂದು ಆಡುವದುಂಟು. ಹಿಂದಿನ ಬೆಂಚಿನಲ್ಲಿ, ಮಗನನ್ನು ಕಳಕೊಂಡ ವಿಧವೆಯೊಬ್ಬಳು ತಲೆ ತಗ್ಗಿಸಿ ಅದನ್ನು ಕೇಳುತ್ತಿರಬಹುದು. ಅವಳು ಮೊಣಕಾಲೂರಿದ್ದು ನಿಮಗಿಂತ ಕಡಿಮೆಯೇ? ಕೃತಜ್ಞತೆಯಿಂದ ಕರ್ತನನ್ನು ಸ್ತುತಿಸಿರಿ, ಆದರೆ ನಿಮ್ಮ ಪ್ರಾರ್ಥನೆಯನ್ನು ಹೊಗಳಬೇಡಿರಿ. ಯೋಬನಿಗಿಂತ ಹೆಚ್ಚಾಗಿ ಮಕ್ಕಳಿಗೋಸ್ಕರ ಬೇಡಿಕೊಂಡವನು ನಮ್ಮಲ್ಲಿ ಯಾವನು?

ಹಾಗಾದರೆ ಪ್ರಾರ್ಥಿಸಿ ಫಲವೇನು ಎಂದು ಕೇಳುವಿರಿ. ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯದಲ್ಲಿ ಪೌಲನಿದ್ದ ಹಡಗಿನ 276 ಮಂದಿಯೂ ಉಳಿಯುವರೆಂಬ ವಾಗ್ದಾನವು ಅವನಿಗೆ ಮುಂದಾಗಿ ದೊರೆಯಿತು. ಆದರೆ ಅದಕ್ಕೆ ಮುಂಚೆ ಅವನು ಮೂರು ಸಾರಿ ಹಡಗು ಒಡೆದ ಕಷ್ಟವನ್ನು ಅನುಭವಿಸಿ, ಒಂದು ರಾತ್ರಿ ಒಂದು ಹಗಲು ಸಮುದ್ರದಲ್ಲಿ ಕಳೆದಿದ್ದನೆಂದು ಕೊರಿಂಥದವರಿಗೆ ತಾನೇ ಬರೆದಿದ್ದಾನೆ. ಆಗ ಅಂಥ ವಾಗ್ದಾನ ಸಿಕ್ಕಿತೆಂದು ಎಲ್ಲಿಯೂ ಬರೆದಿಲ್ಲ. ನಾವು ಆ ನೀರಿನಲ್ಲಿದ್ದ ಪೌಲನಂತಿರುವವರು. ಮಗನು ಉಳಿಯುವನೆಂಬ ಚೀಟಿ ನಮ್ಮ ಕೈಯಲ್ಲಿಲ್ಲ. ನಮ್ಮ ಕೈ ಮುಟ್ಟದ ಕಡೆಯಲ್ಲಿರುವವನನ್ನು ತಂದೆಯ ಮುಂದೆ ಹೆಸರಿಟ್ಟು ಹೇಳುವದಕ್ಕೆ ಅಪ್ಪಣೆಯುಂಟು, ಅಳುವದಕ್ಕೂ ಅಪ್ಪಣೆಯುಂಟು. ಗೆತ್ಸೆಮನೆ ತೋಟದಲ್ಲಿ ನಮ್ಮ ಕರ್ತನು ಕಷ್ಟವು ತೊಲಗಲೆಂದು ಮರೆಮಾಚದೆ ಬೇಡಿಕೊಂಡನಲ್ಲವೇ. ಅದು ತೊಲಗಲಿಲ್ಲ, ತಂದೆಯು ಅವನನ್ನು ಕೈಬಿಡಲೂ ಇಲ್ಲ.

ಬೇಡಿಕೊಂಡ ಮೇಲೆ ಊಟಮಾಡಿರಿ. ಇದು ಸಣ್ಣ ಮಾತಲ್ಲ. ಹದಿನಾಲ್ಕನೆಯ ದಿನ, ಹಡಗು ಇನ್ನೂ ಗಾಳಿಗೆ ಸಿಕ್ಕಿರುವಾಗಲೇ, ಪೌಲನು ರೊಟ್ಟಿಯನ್ನು ಮುರಿದು ಎಲ್ಲರ ಮುಂದೆ ತಾನೇ ಮೊದಲು ತಿಂದನು. ಗಂಜಿಯನ್ನಾದರೂ ಬೇಯಿಸಿರಿ, ದನಗಳಿಗೆ ಹುಲ್ಲು ಹಾಕಿರಿ. ನೆರೆಮನೆಯವರು ಯೋಬನ ಸ್ನೇಹಿತರಂತೆ ಬಂದು ಕುಳಿತುಕೊಳ್ಳಲಿ. ಅವರು ಮೊದಲು ಏಳು ದಿನ ಒಂದು ಮಾತೂ ಆಡದೆ ಕುಳಿತರು; ಆ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೇ ಕೆಲಸವು ಅದೊಂದೇ ಎಂದು ನನಗೆ ತೋರುತ್ತದೆ.

ಕಡೆಗೆ ಗಾಳಿ ತಗ್ಗಿ, ಫೋನು ಬಡಿದು, "ಅಮ್ಮಾ, ನಾನು ಚೆನ್ನಾಗಿದ್ದೇನೆ" ಎಂಬ ಸ್ವರ ಕೇಳಿಬಂದರೆ, ಅತ್ತು ಮುಗಿಸಿದ ಮೇಲೆ ಒಂದು ಮಾತನ್ನು ಕೇಳಿರಿ: "ನಿನ್ನ ಕೋಣೆಯಲ್ಲಿರುವ ಬೇರೆ ಹುಡುಗರು ತಮ್ಮ ಮನೆಗೆ ಮಾತಾಡಿದರೋ, ಮಗಾ? ಇಲ್ಲದಿದ್ದರೆ ನಿನ್ನ ಫೋನನ್ನು ಅವರಿಗೆ ಕೊಡು."