ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ನಗುತ್ತಲೇ ಬಳಸುತ್ತೇವೆ. ಅಣ್ಣಂದಿರ ಬೆನ್ನುಹತ್ತಿ ಬಂದ ಸಣ್ಣ ಮಗುವನ್ನು ಅಳಿಸಬಾರದೆಂದು ಓಣಿಯ ಹುಡುಗರು ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಅದು ಓಡಿದರೂ ಸರಿ, ನಿಂತರೂ ಸರಿ, ಮುಟ್ಟಿದರೂ ಔಟಿಲ್ಲ. ನಮ್ಮ ಮುರಗೂಡದ ಸೀಮೆಯಲ್ಲಿ ಮರಾಠಿ ಮಕ್ಕಳು ಅಂಥ ಕೂಸನ್ನು ‘ಲಿಂಬೂ-ಟಿಂಬೂ’ ಎನ್ನುತ್ತಾರೆ. ಕೆಲವು ದಿನ ಆ ಕೂಸಿಗೆ ಸಂತೋಷವೇ. ಬುದ್ಧಿ ಬಲಿತಂತೆ ಮಾತ್ರ ಅದೇ ಮುಂದೆ ಬಂದು ‘ನನ್ನೂ ಔಟ್ ಮಾಡ್ರಿ’ ಎಂದು ಹಟ ಹಿಡಿಯುತ್ತದೆ. ಸೋಲುವ ಹಕ್ಕನ್ನು ಬೇಡುವ ಈ ಹಟದಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಒಬ್ಬನನ್ನು ಒಂದೇ ಏಟಿಗೆ ಸೋಲಿಸುವುದು ದೊಡ್ಡ ಅನ್ಯಾಯವೋ, ಅವನನ್ನು ಆಟದೊಳಗೇ ಇರಿಸಿಕೊಂಡು ಕೈಕಾಲು ಆಡದಂತೆ ಮಾಡುವುದು ದೊಡ್ಡ ಅನ್ಯಾಯವೋ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯ ಗುರು ಕುಸ್ತಿ. ಛತ್ರಪತಿ ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ತೆರೆಯಿತು. ಕೆಮ್ಮಣ್ಣಿನ ನಿಕಾಲಿ ಕುಸ್ತಿಯಲ್ಲಿ ಅಂಕಗಳ ಲೆಕ್ಕವಿಲ್ಲ. ಅರ್ಧ ತಾಸು ಮೇಲುಗೈಯಾಗಿದ್ದವನೂ ಒಂದು ಕ್ಷಣ ಮೈಮರೆತು ಬೆನ್ನನ್ನು ಮಣ್ಣಿಗೆ ಕೊಟ್ಟರೆ ಚಿತ್, ಅಲ್ಲಿಗೆ ಮುಗಿಯಿತು. ಇಂದಿನ ಮ್ಯಾಟಿನ ಕುಸ್ತಿಯಲ್ಲಿ ಮೂರು ಮೂರು ನಿಮಿಷಗಳ ಎರಡು ಸುತ್ತುಗಳೂ ಅಂಕಗಳೂ ಬಂದಿವೆ. ಆದರೆ ಎರಡೂ ಭುಜ ಮ್ಯಾಟಿಗೆ ಅಂಟಿದೊಡನೆ ಆವರೆಗಿನ ಅಂಕಗಳೆಲ್ಲ ಅಲ್ಲಿಯೂ ವ್ಯರ್ಥವೇ. ಇಷ್ಟು ಕಠೋರವಾದ ನಿಯಮವನ್ನು ಪೈಲ್ವಾನರು ಅನ್ಯಾಯವೆಂದು ದೂರಿದ್ದನ್ನು ನಾವು ಕೇಳಿಲ್ಲ. ಕಾರಣ ಸ್ಪಷ್ಟವಾಗಿದೆ. ಇಬ್ಬರ ಬೆನ್ನಿಗೂ ಅದೇ ಮಣ್ಣು. ಡಾವಿಗೆ ಪ್ರತಿಡಾವು ಉಂಟು. ವಸ್ತಾದರು ತಾಲೀಮಿನಲ್ಲಿ ಎರಡನ್ನೂ ಕಲಿಸಿರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಕ್ಷಣಾರ್ಧದ ಚಿತ್ತನ್ನು ಒಪ್ಪುವ ಅದೇ ಕುಸ್ತಿ ಎದುರಾಳಿಯ ಗಂಟಲು ಅದುಮುವುದನ್ನು, ಬೆರಳು ತಿರುಚುವುದನ್ನು, ಕೀಲು ಮುರಿಯುವಂತೆ ಹಿಡಿಯುವುದನ್ನು ನಿಷೇಧಿಸುತ್ತದೆ. ಸೋಲಿಸಬಹುದು, ಊನಗೊಳಿಸಬಾರದು. ಕುಸ್ತಿ ಮುಗಿಯಬೇಕು, ಕುಸ್ತಿಯಾಳು ಮುಗಿಯಬಾರದು.

ಕುಸ್ತಿ ಇಬ್ಬರ ಆಟ. ಒಬ್ಬ ಸೋತರೆ ಆಟವೇ ಮುಗಿಯುತ್ತದೆ. ತಂಡದ ಆಟದಲ್ಲಿ ಹಾಗಲ್ಲ. ಒಬ್ಬ ಹೊರಬಿದ್ದ ಮೇಲೂ ಆಟ ಸಾಗುತ್ತದೆ. ಹೊರಬಿದ್ದವನ ಗತಿಯೇನು? ಹುತುತು ಎಂದು ನಮ್ಮ ಸೀಮೆ ಕರೆಯುತ್ತ ಬಂದ ಕಬಡ್ಡಿ ಇದಕ್ಕೆ ಮೂರು ಉತ್ತರಗಳನ್ನು ಕಂಡುಕೊಂಡಿತ್ತು. ‘ಗಾಮಿನಿ’ ಪದ್ಧತಿಯಲ್ಲಿ ಔಟಾದವನು ತನ್ನ ತಂಡವೆಲ್ಲ ಔಟಾಗುವವರೆಗೆ ಹೊರಗೇ ಕೂರಬೇಕು. ‘ಅಮರ’ ಪದ್ಧತಿಯಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಮುಟ್ಟಿಸಿಕೊಂಡರೆ ಎದುರಾಳಿಗೆ ಒಂದು ಅಂಕ, ಅಷ್ಟೆ. ‘ಸಂಜೀವನಿ’ಯಲ್ಲಿ ಎದುರಾಳಿಗಳಲ್ಲಿ ಒಬ್ಬ ಔಟಾದರೆ ನಮ್ಮವನೊಬ್ಬ ಎದ್ದು ಬರುತ್ತಾನೆ. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾದ ಕಬಡ್ಡಿ ಉಳಿಸಿಕೊಂಡದ್ದು ಸಂಜೀವನಿಯ ತತ್ತ್ವವನ್ನು. ಗಾಮಿನಿಯಲ್ಲಿ ಭಯವಿದೆ, ಮರಳುವ ದಾರಿಯಿಲ್ಲ. ಅಮರದಲ್ಲಿ ಸಾವಿಲ್ಲ, ಆದ್ದರಿಂದ ಭಯವೂ ಇಲ್ಲ. ಸಂಜೀವನಿಯಲ್ಲಿ ಎರಡೂ ಇವೆ. ಮೇಲಾಗಿ, ಬಿದ್ದವನನ್ನು ಎಬ್ಬಿಸುವ ಹೊಣೆ ಜೊತೆಗಾರರ ಮೇಲಿದೆ. ಆ ಹೊಣೆಯಿಂದಲೇ ಏಳು ಜನ ಒಂದು ತಂಡವಾಗುತ್ತಾರೆ.

ಇದೇ ವಿಚಾರವನ್ನು ದೂರದೇಶದ ಒಂದು ಆಟವೂ ನಾಲ್ಕು ದಶಕಗಳ ಕಾಲ ತೂಗಿ ನೋಡಿದೆ. ಮೇಜಿನ ಸುತ್ತ ಕುಳಿತು ಪಾತ್ರಗಳಾಗಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದರು. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ. ಉಳಿದವರು ತಲಾ ಒಂದು ಪಾತ್ರವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೆಳೆಸುತ್ತಾರೆ. ಗಂಡಾಂತರ ಬಂದಾಗ ದಾಳ ತೀರ್ಪು ಕೊಡುತ್ತದೆ. ಹಳೆಯ ನಿಯಮಗಳಲ್ಲಿ ಜೇಡದ ವಿಷ ಏರಿದರೆ, ಮೆಡುಸಾ ಎಂಬ ರಕ್ಕಸಿಯ ಕಣ್ಣು ಬಿದ್ದರೆ ಒಂದೇ ದಾಳ. ತಪ್ಪಿದರೆ ಸಾವು ಅಥವಾ ಕಲ್ಲು. ಗೈಗ್ಯಾಕ್ಸ್ ರಚಿಸಿದ, 1978ರಲ್ಲಿ ಅಚ್ಚಾದ ‘ಟೂಂಬ್ ಆಫ್ ಹಾರರ್ಸ್’ ಎಂಬ ಸಾಹಸದಲ್ಲಿ ಗೋಡೆಯ ಮೇಲಿನ ದೆವ್ವದ ಮುಖದ ಬಾಯಿಗೆ ನುಗ್ಗಿದವನಿಗೆ ದಾಳವೂ ಇಲ್ಲ. ಅವನು ಅಲ್ಲಿಯೇ ಇಲ್ಲವಾಗುತ್ತಾನೆ. ಇನ್ನೊಂದು ಬಗೆಯದು ಸ್ತಂಭನದ ಮಂತ್ರ. ಪಾತ್ರ ಸಾಯುವುದಿಲ್ಲ, ಕದಲದಂತೆ ನಿಲ್ಲುತ್ತದೆ. ಆಡುವವನು ತನ್ನ ಸರದಿ ಬಂದಾಗಲೆಲ್ಲ ಸುಮ್ಮನಿದ್ದು, ಮಿಕ್ಕವರ ಆಟವನ್ನು ನೋಡುತ್ತ ಕೂರಬೇಕು. ಸತ್ತವನಾದರೂ ಹೊಸ ಪಾತ್ರ ಬರೆದುಕೊಂಡು ಮರಳಬಹುದು. ಸ್ತಂಭಿತನಿಗೆ ಅದೂ ಇಲ್ಲ. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.

2014ರ ಐದನೆಯ ಆವೃತ್ತಿ ಈ ಬಿಗಿಯನ್ನು ಸಡಿಲಿಸಿತು. ಮೆಡುಸಾಳ ನೋಟಕ್ಕೆ ಸಿಕ್ಕ ಮೈ ಸಾಮಾನ್ಯವಾಗಿ ಮೊದಲು ಬಿಗಿಯತೊಡಗುತ್ತದೆ. ಕಲ್ಲಾಗುವ ಮುನ್ನ ಇನ್ನೊಂದು ದಾಳ ಉಂಟು. ಸ್ತಂಭನಕ್ಕೆ ಸಿಕ್ಕವನು ಪ್ರತಿ ಸರದಿಯ ಕೊನೆಗೆ ಬಿಡಿಸಿಕೊಳ್ಳಲು ಯತ್ನಿಸಬಹುದು. ನೆಲಕ್ಕೊರಗಿದವನಿಗೂ ಮೂರು ಸಲ ತಪ್ಪುವವರೆಗೆ ಉಸಿರು ಉಳಿದಿರುತ್ತದೆ. ಅಷ್ಟರೊಳಗೆ ಗೆಳೆಯರು ಬಂದು ಎಬ್ಬಿಸಬಹುದು. ಸಂಜೀವನಿಯ ತತ್ತ್ವವೇ ಬೇರೆ ವೇಷದಲ್ಲಿ ಬಂದಿತೆನ್ನಬೇಕು. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ನಿಯಮವೂ ಇದೆ: ಕೆಲವು ಮಹಾಬಲ ರಕ್ಕಸರು ದಿನಕ್ಕೆ ಮೂರು ಸಲ ತಮ್ಮ ತಪ್ಪಿದ ದಾಳವನ್ನೇ ಗೆದ್ದ ದಾಳವಾಗಿಸಿಕೊಳ್ಳಬಹುದು. ಕಥೆ ರಂಗೇರಲು ಇದು ಬೇಕಿರಬಹುದು. ಬಾಳಿನಲ್ಲಿಯೂ ಬಲಿಷ್ಠನಿಗೆ ಮೂರು ಅವಕಾಶ, ಬಡವನಿಗೆ ಒಂದೇ ಎಂಬುದನ್ನು ಬಲ್ಲ ನಾವು ಮಾತ್ರ ಇದನ್ನು ಓದಿ ಸುಮ್ಮನೆ ನಗಲಾರೆವು.

ನಮ್ಮ ಮಹಾಕಾವ್ಯಗಳ ಯುದ್ಧಗಳಲ್ಲಿಯೂ ಈ ತಾರತಮ್ಯ ಕಾಣುತ್ತದೆ. ಇಂದ್ರಜಿತ್ತು ಮಾಯೆಯಲ್ಲಿ ಮರೆಯಾಗಿ ನಿಂತು ರಾಮಲಕ್ಷ್ಮಣರನ್ನು ನಾಗಪಾಶದಿಂದ ಕಟ್ಟಿದ; ಎದುರಾಳಿ ಕಾಣದಿದ್ದರೆ ಪ್ರತಿಬಾಣ ಯಾರ ಮೇಲೆ? ಗರುಡನೇ ಬರಬೇಕಾಯಿತು. ವಿರಾಟನಗರಿಯ ಗೋಗ್ರಹಣದಲ್ಲಿ ಅರ್ಜುನನೂ ಸಮ್ಮೋಹನಾಸ್ತ್ರ ಪ್ರಯೋಗಿಸಿದ. ಆದರೆ ಎದುರಿಗೆ ನಿಂತು ಬಿಟ್ಟ. ಪ್ರತಿಕಾರ ಬಲ್ಲ ಭೀಷ್ಮನು ಮೈಮರೆಯಲಿಲ್ಲ. ಮೂರ್ಛೆಹೋದವರ ಉತ್ತರೀಯಗಳು ಹೋದವು, ತಲೆಗಳು ಉಳಿದವು. ಎರಡೂ ಸ್ತಂಭನಗಳೇ. ಎದುರಾಳಿಗೆ ಉಳಿಸಿದ ಅವಕಾಶದಲ್ಲಿ ಮಾತ್ರ ಭೂಮ್ಯಾಕಾಶದ ಅಂತರ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸೋಲಿನ ಭಯ ಕಳೆದರೆ ಆಟ ಸಪ್ಪೆಯಾಗುವುದಿಲ್ಲವೇ? ಆಗುತ್ತದೆ. ಚಿತ್ ಎಂಬುದಿಲ್ಲದ ಕುಸ್ತಿ ಬರಿಯ ತಳ್ಳಾಟ. ದೆವ್ವದ ಬಾಯಿಯ ಮುಂದೆ ಕೋಲು ಚಾಚಿ ಪರೀಕ್ಷಿಸುವ ಎಚ್ಚರ ಹುಟ್ಟುವುದು ನುಗ್ಗಿದರೆ ಸಾವೆಂಬ ಅರಿವಿನಿಂದಲೇ. ಆದಕಾರಣ ನಿಯಮ ಮೃದುವಾಗಲೆಂಬುದು ನಮ್ಮ ವಾದವಲ್ಲ. ಕಠೋರವಾದ ನಿಯಮಕ್ಕೂ ನ್ಯಾಯದ ಅಳತೆಗೋಲು ಬೇಕೆಂಬುದಷ್ಟೇ ನಮ್ಮ ಮಾತು. ಆಪತ್ತಿನ ಸುಳಿವು ಮೊದಲೇ ಸಿಗುವಂತಿತ್ತೇ? ಅದಕ್ಕೆ ಪ್ರತಿಡಾವು ಇತ್ತೇ? ಬಿದ್ದವನಿಗೆ ಮರಳುವ ದಾರಿ, ಇಲ್ಲವೇ ಗೌರವದಿಂದ ಹೊರಡುವ ದಾರಿ ಉಂಟೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಸೋಲು ಎಷ್ಟೇ ಹಠಾತ್ತಾಗಿರಲಿ, ಸೋತವನ ಮಾನ ಉಳಿಯುತ್ತದೆ. ಇಲ್ಲವೆಂದು ಬಂದರೆ, ಅವನಿಗೆ ಉಸಿರಾಡಲು ಬಿಟ್ಟದ್ದನ್ನು ದಯೆ ಎನ್ನಲಾಗದು.

ಗಡಿಯವರಾದ ನಮಗೆ ಇದು ಬರಿಯ ಆಟದ ಮಾತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ನಿಪ್ಪಾಣಿ ಮೈಸೂರು ರಾಜ್ಯಕ್ಕೆ ಸೇರಿತು. ಮುರಗೂಡ, ಗಡಹಿಂಗ್ಲಜ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದವಾದವು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. 2004ರಲ್ಲಿ ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಯಾವ ಊರು ಯಾರಿಗೆ ಎಂಬುದು ಈ ಬರಹದ ವಿಷಯವಲ್ಲ. ಆ ಕಡೆಯ ಮರಾಠಿಗನಿಗೂ ಈ ಕಡೆಯ ಕನ್ನಡಿಗನಿಗೂ ಒದಗಿದ ಪಾಡು ಒಂದೇ: ಅವನು ಗೆದ್ದವನೂ ಅಲ್ಲ, ಸೋತವನೂ ಅಲ್ಲ. ಭಾಷಣಗಳಲ್ಲಿ ಅವನ ಹೆಸರಿದೆ. ಅವನ ಭಾಷೆಯ ಶಾಲೆ, ಅರ್ಜಿ, ನೌಕರಿಗಳ ಮಾತು ಬಂದಾಗ ಅವನ ಸರದಿ ದಾಟಿಹೋಗುತ್ತದೆ. ಸೋತವನು ಮುಂದಿನ ಜಾತ್ರೆಯ ಅಖಾಡಕ್ಕಾಗಿ ಮೈ ಹುರಿಗೊಳಿಸಬಹುದು. ಸ್ತಂಭಿತನು ಯಾವ ಅಖಾಡಕ್ಕೆ ಸಿದ್ಧನಾಗಬೇಕು?

ದೊಡ್ಡ ಲೆಕ್ಕಗಳು ನಮ್ಮ ಕೈಯಲ್ಲಿಲ್ಲದಿರಬಹುದು. ನಮ್ಮ ಚಾವಡಿಯ ಲೆಕ್ಕ ನಮ್ಮದೇ. ಮನೆಯ ತೀರ್ಮಾನಗಳಲ್ಲಿ ಹೆಣ್ಣುಮಕ್ಕಳಿಗೆ, ಸಂಘ-ಸಭೆಗಳಲ್ಲಿ ಎಳೆಯರಿಗೆ, ಕನ್ನಡವನ್ನು ಮರಾಠಿಯ ಒತ್ತಿನಲ್ಲಿ ಆಡುವ ಮಕ್ಕಳಿಗೆ ಕುರ್ಚಿಯ ಜೊತೆಗೆ ಸರದಿಯನ್ನೂ ಕೊಡೋಣ. ಅವರು ತಪ್ಪಲಿ, ವಾದಿಸಲಿ, ಸೋಲಲಿ, ಮರಳಿ ಬರಲಿ. ‘ನನ್ನೂ ಔಟ್ ಮಾಡ್ರಿ’ ಎಂದು ಹಟ ಹಿಡಿಯುವ ಕೂಸಿಗೆ ಹಿರಿಯರು ಕೊಡಬಹುದಾದ ಮರ್ಯಾದೆ ಒಂದೇ: ಅದನ್ನು ಲೆಕ್ಕಕ್ಕೆ ಹಿಡಿಯುವುದು.