ಸಣ್ಣ ತುಣುಕಿನ ಅಂಚು



ಎಲ್ಲರೂ ಸಮನಾಗಿ ಬಿಟ್ಟುಕೊಟ್ಟರೆ ಅದು ನ್ಯಾಯವೇ? ಹಲವು ಭಾಷೆಗಳವರು ಕೂಡಿ ಪ್ರಾರ್ಥಿಸುವ ಧರ್ಮಕೇಂದ್ರದಲ್ಲಿ ಈ ಪ್ರಶ್ನೆ ಆಗಾಗ ಏಳುತ್ತದೆ. ಈ ಸಲ ನಮ್ಮ ಯುವಜನರ ನಡುವೆ ಅದನ್ನು ಎಬ್ಬಿಸಿದ್ದು ಒಂದು ಕೌದಿ.

ಕೌದಿ ಎಂದರೇನೆಂದು ಸಾಂಗ್ಲಿ, ಮಿರಜಿನ ನಮಗೆ ಯಾರೂ ಹೇಳಬೇಕಿಲ್ಲ. ಜತ್ತ, ಅಥಣಿ ಕಡೆಯ ಮನೆಗಳಲ್ಲಿ ಅದು ಕೌದಿ. ಪಕ್ಕದ ಮರಾಠಿ ಮನೆಯಲ್ಲಿ ವಾಕಳ ಅಥವಾ ಗೋಧಡಿ. ಹೆಸರು ಬೇರೆ, ಬೆಚ್ಚಗಿಡುವ ಗುಣ ಒಂದೇ. ಹಬ್ಬಕ್ಕೆಂದು ನಾವು ಹೊಲಿಯಲು ಹೊರಟಿರುವುದು ಹೂವು, ಗೆರೆ ಯಾವುದೂ ಇಲ್ಲದ ಪ್ಲೇನ್ ಬಟ್ಟೆಯ ಕೌದಿ: ಕೆಂಪು, ಹಳದಿ, ಹಸಿರು, ನೀಲಿ. ಚಿತ್ತಾರದ ಬಟ್ಟೆಯಲ್ಲಿ ಸೊಟ್ಟ ಹೊಲಿಗೆಯೂ ಮರೆಯಾಗುತ್ತದೆ. ಪ್ಲೇನ್ ಬಟ್ಟೆಯಲ್ಲಿ ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಎಲ್ಲರಿಗೂ ಕಾಣುತ್ತದೆ.

ಎರಡು ತುಣುಕುಗಳನ್ನು ಕೂಡಿಸಬೇಕಾದರೆ ಎರಡೂ ತಮ್ಮ ಅಂಚಿನಲ್ಲಿ ಕಾಲು ಇಂಚು ಬಿಡಬೇಕು. ಆ ಕಾಲು ಇಂಚು ಹೊಲಿಗೆಯ ಹಿಂದೆ ಹೋಗುತ್ತದೆ, ಮತ್ತೆ ಕಾಣುವುದಿಲ್ಲ. ಅಷ್ಟೂ ಬಿಡದಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಎಳೆ ಬಿಚ್ಚಿ ಹೊಲಿಗೆ ಕಿತ್ತುಬರುತ್ತದೆ. ದೊಡ್ಡ ತುಣುಕಿಗೂ ಕಾಲು ಇಂಚು, ಸಣ್ಣದಕ್ಕೂ ಕಾಲು ಇಂಚು. ನ್ಯಾಯವಾಗಿಯೇ ಕಾಣುತ್ತದೆ, ಅಲ್ಲವೇ?

ಈಗ ಲೆಕ್ಕ ಹಾಕಿ ನೋಡೋಣ. 10 ಇಂಚಿನ ಚೌಕದಲ್ಲಿ ನಾಲ್ಕೂ ಬದಿಗೆ ಕಾಲು ಇಂಚು ಹೋದರೆ 100 ಚದರ ಇಂಚಿನಲ್ಲಿ 90.25 ಉಳಿಯುತ್ತದೆ. ಹೋದದ್ದು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. 2 ಇಂಚಿನ ಚೌಕದಲ್ಲಿ ಅಷ್ಟೇ ಅಂಚು ಹೋದರೆ 4 ಚದರ ಇಂಚಿನಲ್ಲಿ ಉಳಿಯುವುದು 2.25. ಹತ್ತಿರ ಹತ್ತಿರ ಅರ್ಧ ಬಟ್ಟೆಯೇ ಹೋಯಿತು. ಅಳತೆ ಒಂದೇ, ನಷ್ಟ ಒಂದೇ ಅಲ್ಲ.

ಇದನ್ನು ನಮ್ಮ ಬದುಕಿಗೆ ಹಚ್ಚಿ ನೋಡೋಣ. ಹಬ್ಬದ ಭಾನುವಾರ ಎಲ್ಲ ಭಾಷೆಯವರಿಗೂ ಸೇರಿ ಒಂದೇ ಬಲಿಪೂಜೆ ಎಂದಿಟ್ಟುಕೊಳ್ಳಿ. ವಾರವಾರವೂ ತಮ್ಮ ಭಾಷೆಯ ಬಲಿಪೂಜೆ ಇರುವವರು ಆ ತಿಂಗಳು ನಾಲ್ಕರಲ್ಲಿ ಒಂದನ್ನು ಬಿಡುತ್ತಾರೆ. ತಿಂಗಳಿಗೊಮ್ಮೆ ಮಾತ್ರ ಇರುವವರು, ಅದು ಆ ಭಾನುವಾರವೇ ಬಿದ್ದರೆ, ಇರುವ ಒಂದನ್ನೂ ಬಿಡುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಮನೆಯಲ್ಲಿ ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಆ ತಿಂಗಳು ತನ್ನ ಮಾತಿನಲ್ಲಿ ಶುಭಸಂದೇಶ ಕೇಳಿಸುವುದಿಲ್ಲ.

ಕೆಲವರು ಕೇಳಬಹುದು: ಪ್ರಭು ಯೇಸುವಿನ ನಿಲುವಂಗಿಗೆ ಹೊಲಿಗೆಯೇ ಇರಲಿಲ್ಲವೆಂದು ಸಂತ ಯೊವಾನ್ನರು ಬರೆದಿದ್ದಾರಲ್ಲ? ಧರ್ಮಸಭೆಯ ಐಕ್ಯಕ್ಕೆ ಅದೇ ಗುರುತೆಂದು 3ನೆಯ ಶತಮಾನದಲ್ಲೇ ಸಂತ ಸಿಪ್ರಿಯನ್ ಹೇಳಲಿಲ್ಲವೇ? ಹೌದು. ಆ ಐಕ್ಯವನ್ನು ನೇಯ್ದವನು ದೇವರು. ಆದರೆ ಪೆಂತೆಕೋಸ್ತಿನ ದಿನ ಅದೇ ದೇವರು ಎಲ್ಲರಿಗೂ ಒಂದೇ ಭಾಷೆ ಕಲಿಸಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲೇ ಕೇಳಿಸಿದನು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದಾಗ ಧರ್ಮಸಭೆಯ ಅಂಗಿ ಹರಿಯಲಿಲ್ಲ.

ಹಾಗಾದರೆ ಸಣ್ಣ ತುಣುಕು ಏನು ಮಾಡಬೇಕು? ‘ನಾನು ಅಂಚು ಮಡಚುವುದಿಲ್ಲ’ ಎಂದು ಬೇರೆಯೇ ಉಳಿದರೆ ಅಂಗೈಯಗಲದ ಬಟ್ಟೆ ಯಾರ ಚಳಿಯನ್ನೂ ಕಳೆಯದು. ಅಂಚು ಮಡಚಲೇಬೇಕು. ಉಳಿದದ್ದು ಹೊಲಿಯುವವರ ಜಾಣ್ಮೆ ಮತ್ತು ದೊಡ್ಡ ಬಟ್ಟೆಯ ಔದಾರ್ಯ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರನ್ನು ನೋಡಿ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳು, ಮುಸ್ಲಿಮರು, ನಮ್ಮಂತೆ ಕಥೋಲಿಕರೂ ಇದ್ದಾರೆ. ತಮ್ಮ ಕೌದಿಗೆ ಅವರು ಕವಂದಿ ಎನ್ನುತ್ತಾರೆ. ಕಥೋಲಿಕರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣುವುದುಂಟು. ಅವರು ತುಣುಕುಗಳನ್ನು ಅಗಲವಾದ ಬಟ್ಟೆಯೊಂದರ ಮೇಲಿಟ್ಟು, ಅಂಚು ಮಡಚಿ, ಮೂಲೆಯಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಹೊಲಿದುಕೊಂಡು ಬರುತ್ತಾರೆ. ಇಲ್ಲಿಯೂ ಸಣ್ಣ ತುಣುಕು ಅಂಚು ಮಡಚುತ್ತದೆ. ಆದರೆ ಅದರ ಭಾರವನ್ನು ಕೆಳಗಿನ ದೊಡ್ಡ ಬಟ್ಟೆ ಹೊರುತ್ತದೆ. ತಾನು ಮರೆಯಲ್ಲಿದ್ದು ಸಣ್ಣದನ್ನು ಮೇಲೆ ಕಾಣಗೊಡುತ್ತದೆ. ಇನ್ನು ನಾಲ್ಕು ಮೂಲೆಗಳಲ್ಲಿ ಮಡಚಿ ಹೊಲಿಯುವ ಸಣ್ಣ ಚೂರುಗಳಿಗೆ ‘ಫೂಲ’, ಎಂದರೆ ಹೂವು ಎಂದು ಹೆಸರು. ಅವಿಲ್ಲದಿದ್ದರೆ ಕವಂದಿ ಬೆತ್ತಲೆಯಂತೆ!

ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ಸಂತ ಪೌಲರು ಹೇಳುವುದೂ ಇದನ್ನೇ. ದೇಹದಲ್ಲಿ ದುರ್ಬಲವೆಂದು ಕಾಣುವ ಅಂಗಗಳೇ ಅತ್ಯವಶ್ಯ. ಅವುಗಳಿಗೇ ಹೆಚ್ಚಿನ ಗೌರವ. ಸಮಪಾಲು ಎಂದು ಅವರು ಹೇಳಲಿಲ್ಲ. ಹಬ್ಬದ ಪೂಜೆಗಾಗಿ ಬಿಟ್ಟ ಕನ್ನಡ ಬಲಿಪೂಜೆ ಮುಂದಿನ ಭಾನುವಾರ ನಡೆದರೆ, ಕೂಡುಪೂಜೆಯಲ್ಲಿ ಕನ್ನಡಕ್ಕೆ ಕೊನೆಯ ಗೀತೆಯ ಒಂದು ಚರಣದ ಬದಲು ಒಂದು ಪೂರ್ಣ ವಾಚನ ಸಿಕ್ಕರೆ, ಅದು ದಯೆಯಲ್ಲ, ನ್ಯಾಯ.

ಆದರೆ ಈ ಮಾತನ್ನು ಇತರರಿಗೆ ಹೇಳಿ ಮುಗಿಸುವಂತಿಲ್ಲ. ನಮ್ಮ ಕನ್ನಡ ಪೂಜೆಗೆ ತೆಲುಗು ಮನೆಮಾತಿನವರು ಬರುತ್ತಾರೆ; ಮಿರಜಿನ ಆಸ್ಪತ್ರೆಗಳಲ್ಲಿ ದುಡಿಯುವ ಮಲಯಾಳಿ ಸಹೋದರಿಯರು ಬರುತ್ತಾರೆ. ಅವರ ಮುಂದೆ ನಾವೇ 10 ಇಂಚಿನ ಬಟ್ಟೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದನ್ನಾದರೂ ಅವರ ಭಾಷೆಯಲ್ಲಿ ಹೇಳಲು ನಾವು ಕರೆಯುತ್ತೇವೆಯೇ? ನಾವು ಕೇಳುವ ನ್ಯಾಯ ನಿಜವೋ, ಬರೀ ನಮ್ಮ ಅನುಕೂಲವೋ ಎಂಬುದು ಅಲ್ಲಿ ತಿಳಿಯುತ್ತದೆ.

ಕೌದಿಗೆ ಬಟ್ಟೆ ಕೊಡುವವರಲ್ಲಿ ಒಂದು ವಿನಂತಿ. ಹೊಸ ಬಟ್ಟೆಯಾದರೆ ನೀರಿನಲ್ಲಿ ನೆನೆಸಿ, ಒಣಗಿಸಿ ತನ್ನಿ. ಹೊಸ ಹತ್ತಿಬಟ್ಟೆ ಕುಗ್ಗುತ್ತದೆ, ಕೆಂಪು ಬಣ್ಣ ಬಿಡುತ್ತದೆ. ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಿದರೆ ಏನಾಗುತ್ತದೆಂದು ಪ್ರಭುವೇ ಹೇಳಿದ್ದಾರೆ. ತುಣುಕು ಎಷ್ಟು ಸಣ್ಣದಾದರೂ ಸರಿ, ಅದಕ್ಕೊಂದು ಜಾಗವಿದೆ.

– ಯುವಜನ ಬಳಗದ ಪರವಾಗಿ, ಸಂಚಾಲಕರು